ತೆಂಗಿನ ಚಿಪ್ಪಿನ ರಾಡಾರ್: ಮನೆಯಲ್ಲೇ ಶಿಲ್ಕಾ ಮಾಡಿದ ನನ್ನ ಅನುಭವ

ನಮ್ಮ ಮನೆ ಜಗುಲಿಯಲ್ಲಿ ಈಗ ಒಂದು ಶಿಲ್ಕಾ ನಿಂತಿದೆ. ಆರ್ಮಿಯಲ್ಲಿ ನಾನು ಕೂರುತ್ತಿದ್ದ, ವಿಮಾನ ಹೊಡೆಯುವ ಗನ್ ಗಾಡಿಯ ಮಾದರಿ ಇದು. ಉದ್ದ 65 ಸೆಂ.ಮೀ., ಅಗಲ 31 ಸೆಂ.ಮೀ. ಅಸಲಿ ಗಾಡಿಯ ಹತ್ತನೇ ಒಂದು ಪಾಲು. ಮೈ ಹಲಸಿನ ಮರದ್ದು. ರಾಡಾರ್ ತೆಂಗಿನ ಚಿಪ್ಪಿನದ್ದು. ನಾಲ್ಕು ಬ್ಯಾರೆಲ್‌ಗಳು ತೋಟದ ಹಳೇ ಸ್ಪ್ರೇಯರ್‌ನ ಹಿತ್ತಾಳೆ ಕೊಳವೆಯದ್ದು. ಇಷ್ಟಾಗಲು ಒಂದು ವರ್ಷ ಹಿಡಿಯಿತು, ಇನ್ನೂ ಒಂದು ಮುಚ್ಚಳ ಬಾಕಿ ಇದೆ.

ಇದನ್ನು ಮಾಡಲೇಬೇಕು ಅನ್ನಿಸಿದ್ದು ಮಡಿಕೇರಿಯಲ್ಲಿ. ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ಮ್ಯೂಸಿಯಂ ಆಯ್ತಲ್ಲ, ಅಲ್ಲಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಟ್ಟಿರುವ ಟ್ಯಾಂಕ್ ಮುಂದೆ ನಿಂತು ಮೊಮ್ಮಗಳು, “ಅಜ್ಜ, ನೀವು ಆರ್ಮಿಯಲ್ಲಿ ಕೂರ್ತಾ ಇದ್ದದ್ದು ಇದರಲ್ಲೇ ಅಲ್ವಾ?” ಅಂದಳು. ಇದರಲ್ಲಲ್ಲ, ನಮ್ಮದು ವಿಮಾನ ಹೊಡೆಯುವ ಗಾಡಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ವಿಮಾನವನ್ನು ವಿಮಾನವೇ ಹೊಡೆಯಬೇಕು ಅಂತ ಅವಳ ಲೆಕ್ಕ. ತಪ್ಪೇನಿಲ್ಲ ಬಿಡಿ. 1965ರಲ್ಲಿ ಹಳೇ ಮಿಸ್ಟೇರ್ ವಿಮಾನದಲ್ಲಿ ಹೋಗಿ ಪಾಕಿಸ್ತಾನದ ಸ್ಟಾರ್‌ಫೈಟರ್ ಉರುಳಿಸಿದ ಅಜ್ಜಮಾಡ ದೇವಯ್ಯ ಅವರ ಕಥೆ ಇಲ್ಲಿನ ಮಕ್ಕಳೆಲ್ಲ ಕೇಳಿಯೇ ಬೆಳೆಯುತ್ತಾರೆ. ನೆಲದ ಮೇಲೆ ಕೂತು ಆಕಾಶ ಕಾಯುವವರ ಕೆಲಸ ಮಾತ್ರ ಕೊಡಗಿನಂಥ ಸೈನಿಕರ ಜಿಲ್ಲೆಯಲ್ಲೂ ಜಾಸ್ತಿ ಜನರಿಗೆ ಗೊತ್ತಿಲ್ಲ. ನಾನು ಸೇರಿದಾಗ ನಾವಿನ್ನೂ ಆರ್ಟಿಲರಿಯ, ಅಂದರೆ ಫಿರಂಗಿ ದಳದ ಒಂದು ಭಾಗ. 1994ರ ಜನವರಿ 10ರಂದು ಆರ್ಮಿ ಏರ್ ಡಿಫೆನ್ಸ್ ಬೇರೆ ಕೋರ್, ಅಂದರೆ ಸೇನೆಯ ಪ್ರತ್ಯೇಕ ವಿಭಾಗ ಆಯಿತು.

ಶಿಲ್ಕಾ ಸೋವಿಯತ್ ಗಾಡಿ. ಅಲ್ಲಿನ ಒಂದು ನದಿಯ ಹೆಸರು. 1960ರ ದಶಕದಲ್ಲಿ ಬಂದದ್ದು. ತೂಕ ಸುಮಾರು 19 ಟನ್, 23 ಮಿ.ಮೀ.ನ ನಾಲ್ಕು ಗನ್‌ಗಳು, ಒಳಗೆ ನಾಲ್ಕು ಜನ. ಡ್ರೈವರ್ ಮುಂದೆ ಒಬ್ಬನೇ. ಹಿಂದೆ ಟರೆಟ್‌ನಲ್ಲಿ, ಅಂದರೆ ಗನ್ ಇರುವ ಸುತ್ತುವ ಗೋಪುರದಲ್ಲಿ, ಎಡಕ್ಕೆ ಕಮಾಂಡರ್, ನಡುವೆ ಗನ್ನರ್, ಬಲಕ್ಕೆ ರೇಂಜ್ ಆಪರೇಟರ್. ಆ ಬಲಗಡೆ ಸೀಟು ನನ್ನದು. ಟಾರ್ಗೆಟ್ ಎಷ್ಟು ದೂರ ಇದೆ ಅಂತ ರಾಡಾರ್ ತೆರೆಯ ಮೇಲೆ ಹಿಡಿದು ಬಿಡದೆ ಇಟ್ಟುಕೊಳ್ಳುವುದು ನನ್ನ ಕೆಲಸ.

ಕವಚ ತೆಳು. ಮೈಯ ತಗಡು ಸುಮಾರು 9 ಮಿ.ಮೀ. ಅಷ್ಟೇ. ಟ್ಯಾಂಕ್ ಗುಂಡು ತಡೆಯುವ ಮಾತೇ ಇಲ್ಲ, ರೈಫಲ್ ಗುಂಡು ಮತ್ತು ಚೂರುಗಳನ್ನು ತಡೆದರೆ ಸಾಕು. ಟ್ಯಾಂಕ್‌ಗಳ ಜೊತೆ ಓಡುತ್ತಾ ಅವುಗಳ ತಲೆ ಮೇಲಿನ ಆಕಾಶ ಕಾಯಬೇಕು, ಅದಕ್ಕೇ ಚಕ್ರಗಳ ಸುತ್ತ ಚೈನು ಮತ್ತು ಮೈಗೆ ಕವಚ. ನನ್ನ ಮಾದರಿಯಲ್ಲಿ ಆ ದಪ್ಪ ಒಂದು ಮಿ.ಮೀ. ಕೂಡ ಬರುವುದಿಲ್ಲ. ಹಾಗಾಗಿ ಮರದ ಮೇಲೆ ಬಿಸ್ಕತ್ತು ಡಬ್ಬದ ತಗಡು ಕತ್ತರಿಸಿ ಹೊಡೆದೆ. ಅಳತೆ ಸರಿಯಾಗಿ ಕೂತಿತು.

ಮೊದಲು ಮಾಡಿದ್ದು ಚಕ್ರ. ಒಂದೊಂದು ಬದಿಗೆ ಆರು. ಕಿತ್ತು ಹಾಕಿದ್ದ ಹಳೇ ಕಾಫಿ ಗಿಡದ ಬೊಡ್ಡೆ ಒಣಗಿತ್ತು, ಅದನ್ನೇ ಬಿಲ್ಲೆ ಬಿಲ್ಲೆಯಾಗಿ ಕೊಯ್ದೆ. ಕಾಫಿ ಮರ ಗಟ್ಟಿ, ಸಣ್ಣ ಕೆಲಸಕ್ಕೆ ಬಹಳ ಚೆನ್ನಾಗಿ ಬಗ್ಗುತ್ತದೆ. ಚೈನಿಗೆ ಸ್ಕೂಟರ್ ಟಯರ್. ಚೈನನ್ನು ಎಳೆಯುವ ಹಲ್ಲುಚಕ್ರವನ್ನು ಮುಂದೆ ಕೂರಿಸಿಬಿಟ್ಟಿದ್ದೆ. ನಮ್ಮ ಗಾಡಿಯ ಡ್ರೈವರ್ ಈಗ ಪಂಜಾಬಿನಲ್ಲಿದ್ದಾನೆ. ಫೋಟೋ ಕಳಿಸಿದೆ. ನೋಡಿದ ತಕ್ಷಣ ಫೋನ್ ಮಾಡಿ, “ಇಂಜಿನ್ ಹಿಂದಿದೆ, ಎಳೆಯುವ ಚಕ್ರ ಮುಂದೆ ಯಾಕಪ್ಪ?” ಅಂದ. ಬಿಚ್ಚಿ ಹಿಂದಕ್ಕೆ ಹಾಕಿದೆ. ಚೈನಿನ ಮೇಲುಭಾಗಕ್ಕೆ ಬೇರೆ ಉರುಳೆ ಇಲ್ಲ, ಅದು ಚಕ್ರಗಳ ಮೇಲೇ ಮಲಗುತ್ತದೆ ಅನ್ನುವುದನ್ನೂ ಅವನೇ ನೆನಪಿಸಿದ.

ಟರೆಟ್‌ನಲ್ಲಿ ಪೆಟ್ಟು ತಿಂದೆ. ಮೊದಲು ಸಿಲ್ವರ್ ಓಕ್‌ನಲ್ಲಿ ಮಾಡಿದ್ದೆ. ಬೇಸಿಗೆಯಲ್ಲಿ ಬೆರಳಿನಿಂದ ತಳ್ಳಿದರೆ ಸಲೀಸಾಗಿ ಸುತ್ತುತ್ತಿತ್ತು. ಜುಲೈ ಮಳೆ ಹಿಡಿದುಕೊಂಡಿತು. ಹದಿನೈದು ದಿನ ಬಿಸಿಲೇ ಕಾಣಲಿಲ್ಲ. ಮರ ಉಬ್ಬಿ ಟರೆಟ್ ಕಚ್ಚಿಕೊಂಡಿತು. ಜೋರು ಮಾಡಿದೆ, ಸೀಳು ಬಿಟ್ಟಿತು. ಎರಡು ತಿಂಗಳ ಕೆಲಸ. ಅವತ್ತು ತುಂಬಾ ಬೇಜಾರಾಯಿತು. ಆಮೇಲೆ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ್ದ ಹಲಸಿನ ಹಲಗೆ ಇಳಿಸಿ, ಮೈ ಮತ್ತು ಟರೆಟ್ ಎರಡನ್ನೂ ಹೊಸದಾಗಿ ಮಾಡಿದೆ. ಸುತ್ತ ಒಂದು ಮಿ.ಮೀ. ಸಂದು ಬಿಟ್ಟೆ. ಕೊಡಗಿನಲ್ಲಿ ತಿರುಗುವ ಭಾಗ ಏನಾದರೂ ಮರದಲ್ಲಿ ಮಾಡುವುದಿದ್ದರೆ ಈ ಸಂದು ಮರೆಯಬೇಡಿ.

ಬ್ಯಾರೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾಲ್ಕೂ ಸೇರಿ ನಿಮಿಷಕ್ಕೆ ಸುಮಾರು 3400 ಗುಂಡು. ಗಾಡಿಯಲ್ಲಿ ಇರುವುದು 2000. ಒಂದೇ ಸಮನೆ ಒತ್ತಿ ಹಿಡಿದರೆ 35 ಸೆಕೆಂಡಿಗೆ ಎಲ್ಲಾ ಖಾಲಿ. ಅದಕ್ಕೇ ಸಣ್ಣ ಸಣ್ಣ ಬರ್ಸ್ಟ್‌ನಲ್ಲೇ ಹೊಡೆಯುವುದು. ಬಿಸಿ ಅಷ್ಟು ಏರುತ್ತದೆ ಅಂತ ಬ್ಯಾರೆಲ್ ಸುತ್ತ ದ್ರವ ಹರಿದು ತಂಪು ಮಾಡುವ ಏರ್ಪಾಡಿದೆ. ಮೊದಮೊದಲ ಮಾದರಿಗಳಲ್ಲಿ ಗನ್ ಕಾದು ಟ್ರಿಗರ್ ಬಿಟ್ಟ ಮೇಲೂ ಗುಂಡು ಹಾರುತ್ತಿದ್ದದ್ದುಂಟು, ಆಮೇಲೆ ಅದನ್ನು ಸರಿಮಾಡಿದರು. ತಂಪು ಮಾಡುವ ದ್ರವ ಹರಿಯುವ ಈ ದಪ್ಪ ಹೊರಕೊಳವೆ ತೋರಿಸದಿದ್ದರೆ ಅದು ಶಿಲ್ಕಾ ಅನ್ನಿಸುವುದೇ ಇಲ್ಲ. ಹಿತ್ತಾಳೆ ಕೊಳವೆ ಮೇಲೆ ಇನ್ನೊಂದು ಅಗಲದ ಕೊಳವೆ ತೂರಿಸಿ, ತುದಿ ಮಾತ್ರ ಹೊರಗೆ ಬಿಟ್ಟೆ.

ಕೈಲ್ ಮುಹೂರ್ತ ಅಂದರೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ. ಆ ದಿನ ಮನೆಯ ಕೋವಿಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡಿದೆವು. ಮೊಮ್ಮಗಳು ಕೋವಿ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದವಳು, ಒಂದು ಹೂವಿನ ಎಸಳು ಬಿಡಿಸಿ ನನ್ನ ನಾಲ್ಕು ಕೊಳವೆಗೂ ಒಂದೊಂದು ಇಟ್ಟಳು. ನಾನು ಹೇಳಿಕೊಟ್ಟಿರಲಿಲ್ಲ. ಅಲ್ಲಿಂದ ಮೈದಾನಕ್ಕೆ ಹೋದೆವು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದನ್ನು ನೋಡುವಾಗ ಅವಳು ಕೇಳಿದಳು: “ವಿಮಾನಕ್ಕೂ ಹೀಗೇ ಗುರಿ ಇಡೋದಾ?”

ಇದೇ ನಮ್ಮ ಕೆಲಸದ ಜೀವಾಳ. ತೆಂಗಿನಕಾಯಿ ನಿಂತಲ್ಲೇ ಇರುತ್ತದೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ಸೆಕೆಂಡಿಗೆ 250 ಮೀಟರ್ ಓಡುತ್ತದೆ. ನಮ್ಮ ಗುಂಡು 2 ಕಿ.ಮೀ. ಮುಟ್ಟಲು ಮೂರು ಸೆಕೆಂಡಿಗೂ ಜಾಸ್ತಿ ಬೇಕು. ಅಂದರೆ ವಿಮಾನ ಕಂಡ ಜಾಗಕ್ಕೆ ಹೊಡೆದರೆ, ಗುಂಡು ಅಲ್ಲಿಗೆ ಹೋಗುವಷ್ಟರಲ್ಲಿ ವಿಮಾನ ಮುಕ್ಕಾಲು ಕಿಲೋಮೀಟರ್ ದಾಟಿರುತ್ತದೆ. ಶಿಲ್ಕಾದ ಗುಂಡು ಕೆಲಸಕ್ಕೆ ಬರುವುದು ಸುಮಾರು ಎರಡೂವರೆ ಕಿ.ಮೀ. ಒಳಗೆ. ಅಷ್ಟು ದೂರ ದಾಟಲು ವಿಮಾನಕ್ಕೆ ಹತ್ತು ಸೆಕೆಂಡು ಸಾಕು.

ಬಾಯಲ್ಲಿ ಹೇಳಿದ್ದು ಅವಳಿಗೆ ಅರ್ಥ ಆಗಲಿಲ್ಲ. ಮಾರನೇ ದಿನ ಕಣದಲ್ಲಿ ಸ್ಪ್ರೇಯರ್ ಪೈಪ್ ಅವಳ ಕೈಗೆ ಕೊಟ್ಟೆ. ಬರೀ ನೀರು. ಅವಳ ತಮ್ಮನಿಗೆ ಈ ತುದಿಯಿಂದ ಆ ತುದಿಗೆ ಓಡು ಅಂದೆ. ಅವಳು ನೇರ ಅವನ ಬೆನ್ನಿಗೇ ಹಿಡಿದಳು. ನೀರಿನ ಸೆಲೆ ಬಾಗಿಕೊಂಡು ಅವನ ಹಿಂದೆ ನೆಲಕ್ಕೆ ಬಿತ್ತು. ಮತ್ತೆ ಹಿಡಿದಳು, ಮತ್ತೆ ಹಿಂದೆ. ಐದನೇ ಸಲ ಅವಳೇ ಪೈಪನ್ನು ಅವನಿಗಿಂತ ಎರಡು ಮಾರು ಮುಂದಕ್ಕೆ ತಿರುಗಿಸಿದಳು. ಹುಡುಗ ಓಡಿ ಬಂದು ನೀರಿಗೇ ಸಿಕ್ಕಿಕೊಂಡ, ಅಂಗಿ ಎಲ್ಲಾ ಒದ್ದೆ. ಆ “ಎರಡು ಮಾರು” ಎಷ್ಟು ಅಂತ ಹೇಳುವುದಕ್ಕೇ ರಾಡಾರ್ ಮತ್ತು ಅದರ ಜೊತೆಗಿನ ಲೆಕ್ಕದ ಯಂತ್ರ. ತೆರೆಯ ಮೇಲೆ ದೂರದ ಅಳತೆ ನನ್ನ ಹಿಡಿತ ತಪ್ಪಿದರೆ ಲೆಕ್ಕ ಕೆಡುತ್ತದೆ. ಲೆಕ್ಕ ಕೆಟ್ಟರೆ ನಾಲ್ಕು ಗನ್‌ಗಳೂ ಸುಮ್ನೆ ಆಕಾಶಕ್ಕೆ ಹೊಡೆದ ಹಾಗೆ.

ರಾಡಾರ್‌ಗೂ ಮಿತಿ ಇದೆ. ವಿಮಾನ ತೀರಾ ಕೆಳಗೆ ಬಂದರೆ ನೆಲದ ಪ್ರತಿಧ್ವನಿಯಲ್ಲಿ ಕಳೆದುಹೋಗುತ್ತದೆ. ನಮ್ಮ ತಡಿಯಂಡಮೋಳ್ ಕಡೆಯಂಥ ಬೆಟ್ಟಗುಡ್ಡದ ಜಾಗ ಶಿಲ್ಕಾಗೆ ಹೇಳಿದ್ದಲ್ಲ. ಬಯಲಿನಲ್ಲೇ ಅದರ ಕಣ್ಣು ಚುರುಕು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಕ್ಷಿಪಣಿಗೆ ಹೆದರಿ ಗನ್ನಿಗೆ ಎಟಕುವ ಎತ್ತರಕ್ಕೆ ಇಳಿದ ಇಸ್ರೇಲಿನ ವಿಮಾನಗಳು ಶಿಲ್ಕಾ ಬಾಯಿಗೆ ಸಿಕ್ಕಿದವು.

ಕ್ಷಿಪಣಿ ಬಂದ ಮೇಲೆ ಈ ಗನ್‌ಗಳ ಕಾಲ ಮುಗಿಯಿತು ಅಂತ ಎಷ್ಟೋ ಜನ ಹೇಳುತ್ತಿದ್ದರು. ನಾನು ಒಪ್ಪಿರಲಿಲ್ಲ. ಯುಕ್ರೇನ್‌ನಲ್ಲಿ ಜರ್ಮನಿಯ ಹಳೇ ಗೆಪಾರ್ಡ್ ಗನ್ ಗಾಡಿಗಳು ಡ್ರೋನ್ ಉರುಳಿಸಿದವು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳು ಹಿಂಡು ಹಿಂಡಾಗಿ ಬಂದಾಗ ನಮ್ಮ ಸೇನೆ ಎಲ್-70, ಝು-23 ಗನ್‌ಗಳ ಜೊತೆಗೆ ಶಿಲ್ಕಾವನ್ನೂ ಬಳಸಿತು. ಟಿವಿಯಲ್ಲಿ ಆ ಹೆಸರು ಕೇಳಿದಾಗ ನಾನು ಎದ್ದು ನಿಂತುಬಿಟ್ಟೆ. ಅಗ್ಗದ ಡ್ರೋನ್‌ಗೆ ದುಬಾರಿ ಕ್ಷಿಪಣಿ ಬಿಡುತ್ತಾ ಕೂರಲು ಆಗುವುದಿಲ್ಲ, ಅಲ್ಲಿ ಗನ್ನೇ ಬೇಕು. ನಮ್ಮ ಶಿಲ್ಕಾಗಳಿಗೆ ಹೊಸ ರಾಡಾರ್, ಹೊಸ ಇಂಜಿನ್ ಹಾಕಿ ಮೇಲ್ದರ್ಜೆಗೆ ತಂದದ್ದು ಬೆಂಗಳೂರಿನ ಬಿಇಎಲ್ ಅನ್ನುವುದೂ ನನಗೆ ಹೆಮ್ಮೆ.

ಚಿಪ್ಪಿನ ರಾಡಾರ್ ಈಗ ಮಡಚಿ ಮಲಗುತ್ತದೆ, ಎತ್ತಿದರೆ ನಿಲ್ಲುತ್ತದೆ. ಅದಕ್ಕೆ ಹಳೇ ಕೊಡೆಯ ಕೀಲು ಹಾಕಿದ್ದೇನೆ. ಬಾಕಿ ಇರುವುದು ಮುಂದಿನ ಎಡಗಡೆಯ ಡ್ರೈವರ್ ಮುಚ್ಚಳ. ಅದರ ಅಳತೆಯನ್ನು ಪಂಜಾಬಿನಿಂದ ಗೆಳೆಯ ತನ್ನ ಗೇಣು ಲೆಕ್ಕದಲ್ಲಿ ಹೇಳಿದ್ದಾನೆ. ಅವನ ಕೈ ನನ್ನದಕ್ಕಿಂತ ದೊಡ್ಡದು. ಕಾಗದದ ಮೇಲೆ ಕೈ ಇಟ್ಟು ಗೆರೆ ಎಳೆದು ಕಳಿಸು ಅಂದಿದ್ದೇನೆ. ಅದು ಬಂದ ಮೇಲೆ ಗರಗಸ ಹಿಡಿಯುತ್ತೇನೆ.