ಸಂಪ್‌ಗೆ ಚರಂಡಿ ನೀರು ನುಗ್ಗಿದಾಗ

ಮೊದಲು ಮೋಟರ್ ಆಫ್ ಮಾಡಿ. ಇಲ್ಲದಿದ್ದರೆ ಕೊಳೆ ಓವರ್‌ಹೆಡ್ ಟ್ಯಾಂಕಿಗೂ ಏರುತ್ತದೆ. ಸಂಪ್ ಒಳಗೆ ಇಳಿಯಲೇಬೇಡಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಉಸಿರು ನಿಲ್ಲಿಸಬಲ್ಲದು, ಮೂಗು ಅದಕ್ಕೆ ಬೇಗ ಜಡವಾಗುವುದರಿಂದ ವಾಸನೆಯನ್ನು ನಂಬುವಂತಿಲ್ಲ. ಪಂಪ್ ಇಟ್ಟು ನೀರು ಹೊರಹಾಕಿ, ಮೇಲಿನಿಂದಲೇ ಉದ್ದ ಬ್ರಷ್‌ನಲ್ಲಿ ಗೋಡೆ ಉಜ್ಜಿ. ಕೆಸರು ಉಳಿದರೆ ಆಮೇಲೆ ಹಾಕುವ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ.

ಹೊಸ ನೀರು ತುಂಬಿ. 1000 ಲೀಟರಿಗೆ 30% ಕ್ಲೋರಿನ್ನಿನ ಬ್ಲೀಚಿಂಗ್ ಪೌಡರ್ ಸುಮಾರು 170 ಗ್ರಾಂ. ಬಕೆಟ್ಟಿನಲ್ಲಿ ಕದಡಿ ತಿಳಿ ಮಾತ್ರ ಸುರಿಯಿರಿ. ಗಂಟುಕಟ್ಟಿದ ಹಳೇ ಪುಡಿ ದಂಡ. ಪುಡಿಗೆ ಟಾಯ್ಲೆಟ್ ಆಸಿಡ್ ತಾಗಿದರೆ ವಿಷಾನಿಲ ಏಳುತ್ತದೆ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, 12 ಗಂಟೆ ಬಿಟ್ಟು ಚೆಲ್ಲಿ.

ಕಾಲರಾ, ಟೈಫಾಯ್ಡ್ ಬ್ಯಾಕ್ಟೀರಿಯಾ ಇದಕ್ಕೆ ಸಾಯುತ್ತವೆ. ಭೇದಿ ತರುವ ಪರಾವಲಂಬಿ ಕ್ರಿಪ್ಟೋಸ್ಪೊರಿಡಿಯಂ, ಜಂತುಹುಳದ ಮೊಟ್ಟೆ ಜಗ್ಗುವುದಿಲ್ಲ. ಕುಡಿಯುವ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ.