ಹಾರ್ಮೋನ್ ಇಂಜೆಕ್ಷನ್: ಮೊದಲ ತಿಂಗಳು ಎಡವಬೇಡಿ

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಬೇಕು. ಅದನ್ನು ತಡೆಯುವುದೇ ಹಾರ್ಮೋನ್ ಚಿಕಿತ್ಸೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಮನೆಯವರು ಎಡವುವುದು ಶುರುವಿನಲ್ಲೇ.

1. ಮೊದಲ ಇಂಜೆಕ್ಷನ್. ಲ್ಯುಪ್ರೊಲೈಡ್, ಗೊಸೆರೆಲಿನ್ ಇಂಜೆಕ್ಷನ್, ಟೆಸ್ಟೋಸ್ಟೆರಾನ್ ತಯಾರಿಸಲು ವೃಷಣಕ್ಕೆ ಸೂಚನೆ ಕೊಡುವ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಕೆರಳಿಸಿ, ಆಮೇಲೆ ಸುಮ್ಮನಾಗಿಸುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಏರುತ್ತದೆ! ಆ ಏರಿಕೆ ಕ್ಯಾನ್ಸರಿಗೆ ತಲುಪದಿರಲಿ ಅಂತಲೇ ಬೈಕಾಲುಟಮೈಡ್ ಮಾತ್ರೆ ಬರೆಯುತ್ತಾರೆ. ‘ಇಂಜೆಕ್ಷನ್ ಆಯ್ತಲ್ಲ, ಮಾತ್ರೆ ಯಾಕೆ?’ ಅಂತ ಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಯಾವ ದಿನ ಶುರು, ಎಷ್ಟು ವಾರ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ರೋಗ ಬೆನ್ನುಮೂಳೆಗೆ ಹರಡಿದ್ದರೆ ಇನ್ನೂ ಎಚ್ಚರ ಬೇಕು. ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಡೆಗಾರೆಲಿಕ್ಸ್ ಎಂಬ ಇಂಜೆಕ್ಷನ್‌ನಲ್ಲಿ ಈ ಏರಿಕೆ ಇಲ್ಲ. ಅದು ನಮ್ಮವರಿಗೆ ಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿ.

2. ಮಾತ್ರೆಯ ಹೊತ್ತು. ಟೆಸ್ಟೋಸ್ಟೆರಾನ್ ತಯಾರಿಯನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆಯನ್ನೂ ಕೊಟ್ಟಿದ್ದರೆ ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ: ನುಂಗುವ ಮೊದಲು ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಊಟವಿಲ್ಲ. ಊಟದ ಜೊತೆ ನುಂಗಿದರೆ ಔಷಧಿ ಹಲವು ಪಟ್ಟು ಜಾಸ್ತಿ ರಕ್ತಕ್ಕೆ ಸೇರುತ್ತದೆ. ಕೆಲವು ಡಾಕ್ಟರು ಬೇಕೆಂದೇ ಡೋಸ್ ಇಳಿಸಿ ತಿಂಡಿಯ ಜೊತೆ ಕೊಡುತ್ತಾರೆ. ಅದು ಅವರ ಲೆಕ್ಕ, ನೀವಾಗಿ ಮಾಡಬೇಡಿ. ಜೊತೆಗಿರುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರನೆ ನಿಲ್ಲಿಸಲೇಬಾರದು.

3. ಮೈ ನೋಡಿಕೊಳ್ಳುವುದು. ಮೈ ಬಿಸಿಯೇರಿ ಬೆವರುತ್ತದೆ, ಸುಸ್ತಾಗುತ್ತದೆ, ಮೂಳೆ ಸವೆಯುತ್ತದೆ, ಶುಗರ್ ಏರಬಹುದು. ದಿನಾ ನಡಿಗೆ, ಜೊತೆಗೆ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಇರಲೇಬೇಕು. ಮೂಳೆ ಎಷ್ಟು ಸವೆದಿದೆ ಅಂತ ನೋಡುವ ಸ್ಕ್ಯಾನ್ (ಡೆಕ್ಸಾ), ಕ್ಯಾಲ್ಸಿಯಂ ಬಗ್ಗೆ ಕೇಳಿ. ಸುಸ್ತಿಗೆ ಅಂತ ‘ಗಂಡಸರ ಶಕ್ತಿ’ಯ ಪುಡಿ ಮಾತ್ರ ತರಬೇಡಿ. ಟೆಸ್ಟೋಸ್ಟೆರಾನ್ ಏರಿಸುತ್ತೇವೆ ಅಂತಲೇ ಮಾರುವ ಡಬ್ಬಿಗಳವು. ಚಿಕಿತ್ಸೆಗೆ ನೇರ ಶತ್ರು ಅಲ್ವಾ?

4. ತಾರೀಖು. ಗೊಸೆರೆಲಿನ್ 3.6 ಮಿ.ಗ್ರಾಂ ಆದರೆ 28 ದಿನಕ್ಕೊಮ್ಮೆ, 10.8 ಆದರೆ 12 ವಾರಕ್ಕೊಮ್ಮೆ. ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ, ಫೋನನ್ನು ನಂಬಬೇಡಿ. ಪಿಎಸ್‌ಎ (ಪ್ರಾಸ್ಟೇಟ್ ರೋಗದ ಏರಿಳಿತ ತೋರಿಸುವ ರಕ್ತಪರೀಕ್ಷೆ) ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ, ಇಳಿದದ್ದು ಇಂಜೆಕ್ಷನ್‌ನಿಂದಲೇ. ದುಡ್ಡು ಸಾಲದಿದ್ದರೆ ಸುಮ್ನೆ ತಪ್ಪಿಸುವ ಬದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ವೃಷಣ ತೆಗೆಯುವ ಸಣ್ಣ ಆಪರೇಷನ್ ಒಂದೇ ಸಲದ ಖರ್ಚಿನಲ್ಲಿ ಅದೇ ಕೆಲಸ ಮಾಡುತ್ತದೆ.