ಬಿಲ್ಡ್ ಮಾಡಿದ ಕೂಡಲೇ ನನ್ನ ಬದಲಾವಣೆ ಮಾಯ!

ವೆಬ್ ಪುಟಗಳನ್ನೇ ಮೊಬೈಲ್ ಆ್ಯಪ್ ಆಗಿಸುವ ಕಾರ್ಡೋವಾ ಎಂಬ ಸಾಧನದಲ್ಲಿ ಒಂದು ಸಣ್ಣ ಆ್ಯಪ್ ಮಾಡುತ್ತಿದ್ದೆ. ಬಟನ್ನಿನ ಬಣ್ಣ ಬದಲಿಸಿ ಸೇವ್ ಮಾಡುತ್ತೇನೆ, ಬಿಲ್ಡ್ ಮಾಡಿದರೆ, ಅಂದರೆ ಫೈಲುಗಳನ್ನು ಸೇರಿಸಿ ಆ್ಯಪ್ ಕಟ್ಟಿದರೆ, ಮತ್ತೆ ಹಳೇ ಬಣ್ಣವೇ. ಎರಡು ಸಂಜೆ ಸುಮ್ನೆ ಹಾಳಾದವು. ಫೋನು ಹಳೇ ಪ್ರತಿಯನ್ನೇ ಉಳಿಸಿಕೊಂಡಿರಬೇಕು (ಕ್ಯಾಶೆ) ಅಂತ ಫೋನಿನಿಂದ ಆ್ಯಪ್ ತೆಗೆದು ಮತ್ತೆ ಹಾಕಿದೆ. ಊಹೂಂ.

ತಪ್ಪು ನನ್ನದೇ. 'ಪ್ಲಾಟ್‌ಫಾರ್ಮ್ಸ್' ಫೋಲ್ಡರಿನೊಳಗೆ, ಆಂಡ್ರಾಯ್ಡ್‌ನ 'ಅಸೆಟ್ಸ್' ತನಕ ಇಳಿದು, ಬಣ್ಣ-ವಿನ್ಯಾಸ ಬರೆದಿಡುವ ಅಲ್ಲಿನ ಸಿಎಸ್‌ಎಸ್ ಫೈಲ್ ತಿದ್ದುತ್ತಿದ್ದೆ. ಅದು ಬರೀ ನಕಲು. ಅಸಲು ಫೈಲುಗಳು ಇರುವುದು ಪ್ರಾಜೆಕ್ಟಿನ ಮೊದಲ ಹಂತದಲ್ಲೇ ಇರುವ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಫೋಲ್ಡರಿನಲ್ಲಿ. ಪ್ರತಿ ಬಿಲ್ಡ್‌ಗೂ ಮುಂಚೆ ಕಾರ್ಡೋವಾ 'ಪ್ರಿಪೇರ್' ಹಂತ ಓಡಿಸಿ, ಅಲ್ಲಿಂದ ಎಲ್ಲವನ್ನೂ ಮತ್ತೆ ನಕಲು ಮಾಡುತ್ತದೆ. ನಾನು ತಿದ್ದಿದ್ದು ಉಳಿಯೋದು ಹೇಗೆ, ಅಲ್ವಾ?

ಸಿಎಸ್‌ಎಸ್ ಬದಲಾವಣೆಯನ್ನು ಅಸಲು ಫೋಲ್ಡರಿಗೆ ತಂದೆ. ಆ್ಯಪಿನ ಹೆಸರು, ಐಕಾನ್, ವರ್ಷನ್ ಎಲ್ಲ ಪ್ರಾಜೆಕ್ಟಿನ ಮೊದಲ ಹಂತದಲ್ಲಿರುವ 'ಕಾನ್ಫಿಗ್ ಎಕ್ಸ್‌ಎಂಎಲ್'ನಲ್ಲಿ ಬರೆದೆ. ಆಂಡ್ರಾಯ್ಡ್‌ಗೆ ಮಾತ್ರ ಬೇಕಾದ ಒಂದು ಫೈಲ್ ಇತ್ತು, ಅದನ್ನು 'ಮರ್ಜಸ್' ಫೋಲ್ಡರಿಗೆ ಹಾಕಿದೆ. ಆಮೇಲೆ ಧೈರ್ಯ ಮಾಡಿ ಆಂಡ್ರಾಯ್ಡ್ ಪ್ಲಾಟ್‌ಫಾರ್ಮನ್ನೇ ತೆಗೆದು ಮತ್ತೆ ಸೇರಿಸಿದೆ. ಆ್ಯಪಿಗೆ ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳ ಪಟ್ಟಿ 'ಪ್ಯಾಕೇಜ್ ಜೇಸನ್'ನಲ್ಲಿ ಇದ್ದುದರಿಂದ ಅವೂ ತಾವಾಗಿಯೇ ಬಂದವು.

ಹೊಸ ಬಣ್ಣ ಬಂತು. ನೋಡಿದರೆ ಅಷ್ಟೇನೂ ಚೆನ್ನಾಗಿರಲಿಲ್ಲ, ಹಳೆಯದನ್ನೇ ಇಟ್ಟುಕೊಂಡೆ.